ಕಾಯಿಲೆಯಿಂದ ಒಳ್ಳೆಯದೂ ಆಗಿದೆ ಅಂತ ಬಾಯಿಬಿಟ್ಟು ಹೇಳಬಹುದಾ?

ಕದ್ರಿಗುಡ್ಡೆ
ನನಗೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಸಂಧಿವಾತ. ಕೈಬೆರಳಿನ ಗಂಟುಗಳಿಂದ ಶುರುವಾದದ್ದು ಈಗ ಮಣಿಕಟ್ಟಿಗೆ, ಪಾದಕ್ಕೂ ಬಂದಿದೆ. ಬೆಳಿಗ್ಗೆ ಎದ್ದರೆ ಗಂಟೆಗಟ್ಟಲೆ ಬೆರಳು ಮಡಚಲಿಕ್ಕೆ ಆಗುವುದಿಲ್ಲ. ಜೂನ್, ಜುಲೈಯ ಥಂಡಿಯಲ್ಲಿ ಇನ್ನೂ ಜಾಸ್ತಿ. ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುತ್ತೇನೆ, ಅದರ ಮರುದಿನ ವಾಕರಿಕೆ. ಔಷಧದ ಬಗ್ಗೆ ಕೇಳಲಿಕ್ಕೆ ಅಲ್ಲ ಈ ಪೋಸ್ಟ್.

ಮದುವೆಯಾಗಿ ಬಂದಾಗಿನಿಂದ ಮಾವನವರ ಜೊತೆ ನನ್ನ ಮಾತು 'ಊಟ ಆಯ್ತಾ', 'ಪೇಪರ್ ಬಂತಾ' ಅಷ್ಟಕ್ಕೇ. ಜಗಳ ಏನೂ ಇಲ್ಲ, ಅವರು ಮಾತೇ ಕಡಿಮೆ. ಈಗ ಬೆಳಿಗ್ಗೆ ಗಂಜಿಯ ಪಾತ್ರೆ ನನಗೆ ಎತ್ತಲಿಕ್ಕೆ ಆಗುವುದಿಲ್ಲವೆಂದು ಅವರೇ ಅಡುಗೆಮನೆಗೆ ಬರುತ್ತಾರೆ. ತೆಂಗಿನಕಾಯಿ ಒಡೆದುಕೊಡುತ್ತಾರೆ, ಗಂಜಿ ಬಡಿಸುತ್ತಾರೆ. ನನ್ನ ಬೆರಳು ಸಡಿಲ ಆಗುವವರೆಗೆ ಇಬ್ಬರೂ ಅಲ್ಲೇ ಕೂತಿರುತ್ತೇವೆ. ಅವರು ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಹೊಳೆಯಲ್ಲಿ ದೋಣಿಯ ಮೇಲೆ ಜೇಡಿಮಣ್ಣು ಬರುತ್ತಿದ್ದದ್ದು, ಕಾರ್ಖಾನೆ ಮುಚ್ಚಿದ ಮೇಲೆ ಮನೆಯಲ್ಲಿ ಹೇಳದೆ ಕೆಲಸ ಹುಡುಕಿಕೊಂಡು ತಿರುಗಿದ್ದು, ಎಲ್ಲ ಹೇಳುತ್ತಾರೆ. ನನ್ನ ಗಂಡನಿಗೇ ಇದು ಗೊತ್ತಿರಲಿಲ್ಲ. ಇದು ನನಗೆ ದೊಡ್ಡ ಸಂತೋಷ, ಸುಳ್ಳು ಹೇಳುವುದಿಲ್ಲ.

ಮೊನ್ನೆ ಒಂದು ಗೃಹಪ್ರವೇಶದಲ್ಲಿ ಇದನ್ನು ಹತ್ತಿರದ ಸಂಬಂಧಿಕರೊಬ್ಬರಿಗೆ ಹೇಳಿದೆ. 'ನೋಡು, ದೇವರು ಒಳ್ಳೆಯದಕ್ಕೇ ಕೊಟ್ಟದ್ದು' ಅಂದರು. ಪಕ್ಕದಲ್ಲಿದ್ದವರು 'ಅಷ್ಟೇನೂ ನೋವಿರಲಿಕ್ಕಿಲ್ಲ ಹಾಗಾದರೆ' ಅಂತ ಸೇರಿಸಿದರು. ಆಮೇಲೆ ಊಟ ಸೇರಲಿಲ್ಲ. ಅಂದಿನಿಂದ ಈ ಸಂತೋಷವನ್ನು ಯಾರ ಹತ್ತಿರವೂ ಹೇಳಲು ಮನಸ್ಸು ಬರುವುದಿಲ್ಲ.

ನಿಮಗೂ ಹೀಗೆ ಏನಾದರೂ ಸಿಕ್ಕಿದೆಯಾ? ಸಿಕ್ಕಿದರೆ ಹೇಳಿಕೊಳ್ಳುತ್ತೀರಾ, ಒಳಗೇ ಇಟ್ಟುಕೊಳ್ಳುತ್ತೀರಾ?

ಬನ್ಸ್‌ಭಾಜಿ
ಅಕ್ಕಾ, ಇದೇ ಪ್ರಶ್ನೆ ನನ್ನಲ್ಲೂ ಉಂಟು. ಉತ್ತರ ಕಾಯ್ತಾ ಇದ್ದೇನೆ.

ಜೆಪ್ಪುಹಂಚು
ಹಂಚಿನ ಕಾರ್ಖಾನೆ ಅಂದರೆ ಯಾವುದು, ಜೆಪ್ಪುವಿನದ್ದಾ? ಬಾಸೆಲ್ ಮಿಷನ್‌ನವರು 1865ರಲ್ಲಿ ಶುರು ಮಾಡಿದ್ದು. ಆಮೇಲೆ ನೇತ್ರಾವತಿ, ಗುರುಪುರ ಹೊಳೆ ಬದಿಯಲ್ಲಿ ಎಷ್ಟೋ ಕಾರ್ಖಾನೆಗಳು ಬಂದವು. ನಿಮ್ಮ ಮಾವನವರ ಮಾತನ್ನು ದಯವಿಟ್ಟು ಫೋನಿನಲ್ಲಿ ರೆಕಾರ್ಡ್ ಮಾಡಿಡಿ. ಆ ಲೆಕ್ಕಪುಸ್ತಕ ಬರೆದವರು ಈಗ ಎಷ್ಟು ಜನ ಉಳಿದಿದ್ದಾರೆ?

ಚೆಂಡೆಪೆಟ್ಟು
ನನಗೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಮಲಗಿದರೆ ಬೆನ್ನು ಬಿಗಿಯುತ್ತದೆ, ಓಡಾಡಿದರೆ ಸ್ವಲ್ಪ ಹಗುರ. ಹೆಚ್ಚಾಗಿ ಪ್ರಾಯದ ಹುಡುಗರಿಗೇ ಶುರುವಾಗುವ ಕಾಯಿಲೆ ಇದು. 'ಈ ವಯಸ್ಸಿನಲ್ಲಿ ಎಂತ ಬೆನ್ನುನೋವು ಮಾರಾಯ' ಅಂತ ಎಲ್ಲರೂ ಹೇಳಿ, ರೋಗ ಯಾವುದೆಂದು ಗೊತ್ತಾಗುವಾಗ ವರ್ಷಗಳೇ ಹೋಗಿದ್ದವು.

ನಾನು ಯಕ್ಷಗಾನದ ಹವ್ಯಾಸಿ ವೇಷಧಾರಿ. ಪುಂಡುವೇಷ, ಅಂದರೆ ಎಳೆಯ ವೀರರ ಪಾತ್ರ, ನನಗೆ ಪ್ರಾಣ. ದಿಗಿಣ (ಹಾರಿ ಸುತ್ತುವ ಕುಣಿತ) ಹೊಡೆಯುವುದೇ ನನ್ನ ಹೆಸರಾಗಿತ್ತು ಊರಲ್ಲಿ. ಅದು ನಿಂತಿತು. ಬೇಜಾರು ಹೋಗಿದೆ ಅಂತ ತಿಳಿಯಬೇಡಿ. ಬಯಲಲ್ಲಿ ಆಟ ಆಗುವಾಗ ಚೌಕಿಯ (ಬಣ್ಣ ಹಚ್ಚುವ ಜಾಗದ) ಹತ್ತಿರ ಹೋಗಲಿಕ್ಕೆ ಇವತ್ತಿಗೂ ನನಗೆ ಆಗುವುದಿಲ್ಲ.

ಆದರೆ ತಾಳಮದ್ದಳೆಗೆ ಬಂದೆ. ವೇಷ ಇಲ್ಲ, ಕುಣಿತ ಇಲ್ಲ, ಅರ್ಥ ಹೇಳುವುದು ಮಾತ್ರ. ಕುಣಿಯುವ ದಿನಗಳಲ್ಲಿ ನಾನು ಪದ್ಯದ ಅರ್ಥವನ್ನು ಸರಿಯಾಗಿ ಓದಿದವನೇ ಅಲ್ಲ, ನಾಲ್ಕು ಮಾತು ಬಾಯಿಪಾಠ ಮಾಡಿ ಕಾಲಿನಲ್ಲಿ ತೇಲಿಸುತ್ತಿದ್ದೆ. ಈಗ ಎದುರಿನ ಅರ್ಥಧಾರಿ ಯಾವ ಪ್ರಶ್ನೆ ಎಸೆದಾರು ಅಂತ ವಾರಗಟ್ಟಲೆ ಭಾರತ ಓದುತ್ತೇನೆ. ವಿದುರ, ಶಲ್ಯ, ಇವರ ಮಾತಿನ ರುಚಿ ಸಿಕ್ಕಿದ್ದು ಈ ಬೆನ್ನು ಬಿಗಿದ ಮೇಲೆಯೇ. ನಡುವೆ ಎದ್ದು ಹಿಂದೆ ನಾಲ್ಕು ಹೆಜ್ಜೆ ಹಾಕಿ ಬರುತ್ತೇನೆ, ಭಾಗವತರಿಗೆ ಗೊತ್ತಿದೆ, ಅವರು ಪದ್ಯ ಎಳೆದು ಸಂಭಾಳಿಸುತ್ತಾರೆ.

ಹೇಳಿಕೊಳ್ಳುತ್ತೇನಾ? ಹೇಳುತ್ತೇನೆ. ಕುಣಿತ ಹೋದದ್ದನ್ನೂ ಅದರ ಜೊತೆಗೇ ಹೇಳುತ್ತೇನೆ. ಒಂದನ್ನೇ ಕೇಳುತ್ತೇನೆ ಅನ್ನುವವರಿಗೆ ಎರಡೂ ಇಲ್ಲ.

ಖಾರಗಸಿ
ನಾನು ಅಪಸ್ವರ ಎತ್ತುತ್ತೇನೆ, ಕ್ಷಮಿಸಿ. ಅಲ್ಸರೇಟಿವ್ ಕೊಲೈಟಿಸ್. ದೊಡ್ಡಕರುಳಿನಲ್ಲಿ ಹುಣ್ಣು. ಕಾಯಿಲೆ ಕೆರಳಿದಾಗ ರಕ್ತ ಹೋಗುತ್ತದೆ, ಬಂತು ಅಂದರೆ ಐದು ನಿಮಿಷ ತಡೆಯಲಿಕ್ಕೆ ಆಗುವುದಿಲ್ಲ. ನಾನು ಕುಂದಾಪುರದಿಂದ ಮಂಗಳೂರಿನವರೆಗೆ ಅಂಗಡಿ ಅಂಗಡಿ ತಿರುಗಿ ಆರ್ಡರ್ ಹಿಡಿಯುವ ಕೆಲಸ ಮಾಡುತ್ತಿದ್ದೆ. ಬಸ್ಸಿನಲ್ಲಿ ಕೂತವನಿಗೆ ಐದು ನಿಮಿಷದಲ್ಲಿ ಎಲ್ಲಿ ಶೌಚಾಲಯ ಸಿಗುತ್ತದೆ? ಕೆಲಸ ಹೋಯಿತು. ಮದುವೆ ಮಾತುಕತೆ ಮುರಿಯಿತು. ಸ್ನೇಹಿತರ ಜೊತೆ ಮೀನೂಟಕ್ಕೆ ಹೋಗುವುದು ಬಿಟ್ಟೆ.

ಒಳ್ಳೆಯದು ಏನೂ ಸಿಕ್ಕಿಲ್ಲ. ಹುಡುಕಲಿಕ್ಕೂ ಮನಸ್ಸಿಲ್ಲ. ನೀವೆಲ್ಲ ಬರೆದದ್ದು ಓದಿದರೆ ನಾನು ಕಾಯಿಲೆಯನ್ನೂ ಸರಿಯಾಗಿ ಮಾಡಲಿಲ್ಲ ಅನ್ನಿಸುತ್ತದೆ. ಎಲ್ಲರೂ ಪಾಸಾದ ಪರೀಕ್ಷೆಯಲ್ಲಿ ನಾನೊಬ್ಬ ಫೇಲ್.

ಬನ್ಸ್‌ಭಾಜಿ
@ಖಾರಗಸಿ ನೀವು ಬರೆದದ್ದಕ್ಕೆ ಥ್ಯಾಂಕ್ಸ್. ನಿಜವಾಗಿ.

ಪಾಸಿಟಿವ್‌ಪಡುಬಿದ್ರಿ
@ಖಾರಗಸಿ ಎಲ್ಲ ನಮ್ಮ ಮನಸ್ಸಿನಲ್ಲಿ ಇರುವುದು ಬ್ರದರ್. ಮನಸ್ಸು ಗಟ್ಟಿ ಇದ್ದರೆ ಕರುಳೂ ಗಟ್ಟಿ. ದಿನಾ ಬೆಳಿಗ್ಗೆ ಐದು ಒಳ್ಳೆಯ ವಿಷಯ ಬರೆದಿಡಿ, ಜೊತೆಗೆ ಅಮೃತಬಳ್ಳಿ ಕಷಾಯ ಕುಡಿಯಿರಿ. ನಮ್ಮ ಹಿರಿಯರು ಸುಮ್ಮನೆ ಮಾಡಿದ್ದಲ್ಲ.

ಔಷಧಿಅಂಗಡಿ
@ಪಾಸಿಟಿವ್‌ಪಡುಬಿದ್ರಿ ಬೇಡ ಮಾರ್ರೆ. ಕೊಲೈಟಿಸ್ ಮನಸ್ಸಿನ ಕಾಯಿಲೆ ಅಲ್ಲ, ದೇಹದ ರಕ್ಷಣಾ ವ್ಯವಸ್ಥೆ ಕರುಳಿನ ಮೇಲೆಯೇ ತಿರುಗಿಬೀಳುವುದು. ಆತಂಕದಿಂದ ಹೆಚ್ಚಾಗಬಹುದು, ಅದು ಬೇರೆ ಮಾತು. ಅಮೃತಬಳ್ಳಿಯಿಂದ ಲಿವರಿಗೆ ಪೆಟ್ಟು ಬಿದ್ದ ಪ್ರಕರಣಗಳನ್ನು ಮುಂಬೈಯ ವೈದ್ಯರು 2021ರಲ್ಲೇ ಪ್ರಕಟಿಸಿದ್ದಾರೆ. ರಕ್ಷಣಾ ವ್ಯವಸ್ಥೆಯನ್ನು ಕೆಣಕುವ ಬಳ್ಳಿಯನ್ನು ಇಂಥ ಕಾಯಿಲೆಯವರಿಗೆ ಕೊಡುವ ಮುಂಚೆ ಅವರ ಡಾಕ್ಟರನ್ನು ಕೇಳಬೇಕು. ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುವವರಂತೂ ಲಿವರ್ ವಿಷಯದಲ್ಲಿ ಎರಡು ಪಟ್ಟು ಜಾಗ್ರತೆ ಮಾಡಬೇಕು.

ಪಾಸಿಟಿವ್‌ಪಡುಬಿದ್ರಿ
ಒಳ್ಳೆಯದಕ್ಕೇ ಹೇಳಿದ್ದು. ಆಟಿ ಅಮಾವಾಸ್ಯೆಗೆ ಹಾಲೆ ಮರದ ಕಷಾಯ ನೀವೂ ಕುಡಿಯುವುದಿಲ್ವಾ?

ಔಷಧಿಅಂಗಡಿ
ಕುಡಿಯುತ್ತೇನೆ. ವರ್ಷಕ್ಕೆ ಒಂದು ದಿನ, ಮರ ಗೊತ್ತಿರುವವರು ಕೆತ್ತಿ ತಂದ ಕೆತ್ತೆಯದ್ದು ಮಾತ್ರ. ಹಾಲೆ ಅಂತ ಕಾಸರಕದ ತೊಗಟೆ ತಂದರೆ ಜೀವಕ್ಕೇ ಸಂಚಕಾರ. ಅದು ಹಬ್ಬ, ದಿನನಿತ್ಯದ ಚಿಕಿತ್ಸೆ ಅಲ್ಲ.

ಕಾಪುದೀಪ
ಮೆಥೋಟ್ರೆಕ್ಸೇಟ್ ಅಂದಾಗ ನೆನಪಾಯಿತು. ನನ್ನ ಅತ್ತೆಗೂ ಇದೇ ಸಂಧಿವಾತ. ಅವರು ಆ ಹಳದಿ ಮಾತ್ರೆ ದಿನಾ ರಾತ್ರಿ ತೆಗೆದುಕೊಳ್ಳುತ್ತಾರೆ, ವಾಕರಿಕೆ ಇಲ್ಲ.

ಔಷಧಿಅಂಗಡಿ
@ಕಾಪುದೀಪ ದಯವಿಟ್ಟು ಈಗಲೇ ಹೋಗಿ ಮಾತ್ರೆಯ ಹೆಸರು ನೋಡಿ. ಸಂಧಿವಾತಕ್ಕೆ ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದು ದಿನ ಮಾತ್ರ. ದಿನಾ ತೆಗೆದುಕೊಂಡು ಜೀವ ಹೋದವರಿದ್ದಾರೆ. ಬಣ್ಣ ನೋಡಿ ಹೇಳಬೇಡಿ, ಹೆಸರು ಓದಿ.

ಕಾಪುದೀಪ
ಫೋನ್ ಮಾಡಿ ಪಟ್ಟಿಯನ್ನು ಓದಿಸಿದೆ. ದಿನಾ ತೆಗೆದುಕೊಳ್ಳುವುದು ಫೋಲಿಕ್ ಆಸಿಡ್. ಮೆಥೋಟ್ರೆಕ್ಸೇಟ್ ಭಾನುವಾರ ಮಾತ್ರ, ಬೇರೆ ಡಬ್ಬಿಯಲ್ಲಿ ಇಟ್ಟಿದ್ದಾರಂತೆ. ಉಸಿರು ಬಂತು.

ಗುರುಪುರಹೊಳೆ
ಡಯಾಲಿಸಿಸ್‌ನವನು ನಾನು. ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಹೋಗಿ ಬರುವುದು, ಸೂಜಿ ಚುಚ್ಚುವುದು, ಆಮೇಲಿನ ಸುಸ್ತು ಎಲ್ಲ ಸೇರಿದರೆ ಆ ಮೂರು ದಿನ ನನ್ನದಲ್ಲ. ಫಿಸ್ಟುಲಾ (ಸೂಜಿ ಚುಚ್ಚಲಿಕ್ಕೆ ರಕ್ತನಾಳ ಜೋಡಿಸಿದ್ದು) ಇರುವ ಕೈಯಲ್ಲಿ ಅಕ್ಕಿಚೀಲ ಎತ್ತುವ ಹಾಗಿಲ್ಲ, ಬಿಪಿ ನೋಡಿಸುವ ಹಾಗಿಲ್ಲ. ನೀರು ಅಳೆದು ಕುಡಿಯಬೇಕು. ಏಪ್ರಿಲ್ ತಿಂಗಳ ಮಂಗಳೂರಿನ ಸೆಕೆಯಲ್ಲಿ ನೀರು ಅಳೆದು ಕುಡಿಯುವುದು ಅಂದರೆ ಏನೆಂದು ಕುಡಿದವರಿಗೇ ಗೊತ್ತು. ಬೊಂಡ (ಎಳನೀರು) ಕೂಡ ಬಂದ್, ಪೊಟ್ಯಾಸಿಯಂ ಜಾಸ್ತಿ. ಯಾರ ಮನೆಗೆ ಹೋದರೂ ಮೊದಲು ಬೊಂಡವೇ ಕೆತ್ತಿ ಕೊಡುತ್ತಾರೆ.

ಇಷ್ಟು ಮೊದಲೇ ಹೇಳಿ ಈಗ ಒಳ್ಳೆಯದನ್ನು ಹೇಳುತ್ತೇನೆ. ನಮ್ಮ ಪಾಳಿಯಲ್ಲಿ ಪಕ್ಕದ ಮಂಚ ಉಳ್ಳಾಲ ಕಡೆಯ ಒಬ್ಬರು ಬ್ಯಾರಿ (ಮುಸ್ಲಿಂ) ಕಾಕನದ್ದು, ಆಚೆಯದ್ದು ಬಜಪೆ ಕಡೆಯ ಕ್ರೈಸ್ತ ಬಾಯಮ್ಮನದ್ದು. ಈ ಊರಿನಲ್ಲಿ ಗಲಾಟೆಯಾದ ದಿನ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ. ಅಂಗಡಿ ಮುಚ್ಚುತ್ತದೆ, ಬಸ್ಸು ನಿಲ್ಲುತ್ತದೆ. ಡಯಾಲಿಸಿಸ್ ನಿಲ್ಲುವ ಹಾಗಿಲ್ಲ. ಅಂಥದೊಂದು ದಿನ ಕಾಕನ ಮಗ ಬಾಯಮ್ಮನನ್ನೂ ನನ್ನನ್ನೂ ಮನೆ ಬಾಗಿಲಿಗೇ ಬಂದು ಕಾರಿನಲ್ಲಿ ಕರೆದುಕೊಂಡು ಹೋದ. ಮುಂದೆ ಒಮ್ಮೆ ಅವರ ಕಡೆ ತೊಂದರೆಯಾದಾಗ ನನ್ನ ತಮ್ಮ ಹೋಗಿ ಕರೆದುಕೊಂಡು ಬಂದ. ಈಗ ಅದೊಂದು ಪದ್ಧತಿಯೇ ಆಗಿದೆ. ಮಂಚದ ಮೇಲೆ ಮಲಗಿ ನಾಲ್ಕು ಗಂಟೆ ತುಳು, ಬ್ಯಾರಿ, ಕೊಂಕಣಿ ಎಲ್ಲ ಕಲಸಿ ಮಾತಾಡುತ್ತೇವೆ. ಮೂತ್ರಪಿಂಡ ಸರಿಯಿದ್ದಿದ್ದರೆ ನಾನು ಇವರಿಬ್ಬರ ಮನೆಯ ಅಂಗಳ ಕೂಡ ನೋಡುತ್ತಿರಲಿಲ್ಲ. ನಾನು ಬೆಳೆದ ರೀತಿಯಲ್ಲಿ ಅದಕ್ಕೆ ದಾರಿಯೇ ಇರಲಿಲ್ಲ.

ಇದನ್ನು ಕಾಯಿಲೆ ಕೊಟ್ಟದ್ದು ಅಂತ ಮಾತ್ರ ನಾನು ಹೇಳುವುದಿಲ್ಲ. ಕಾಯಿಲೆ ನಮ್ಮನ್ನು ಮಂಚದಲ್ಲಿ ಮಲಗಿಸಿತು ಅಷ್ಟೆ. ಕಾರು ತೆಗೆದುಕೊಂಡು ಬಂದದ್ದು ಆ ಹುಡುಗ. @ಕದ್ರಿಗುಡ್ಡೆ ನಿಮ್ಮ ಗಂಜಿ ಬಡಿಸುವುದು ನಿಮ್ಮ ಮಾವ, ಸಂಧಿವಾತ ಅಲ್ಲ. ಆ ಸಂಬಂಧಿಕರಿಗೆ ಇಷ್ಟು ಹೇಳಿದರೆ ಸಾಕು.

ಕದ್ರಿಗುಡ್ಡೆ
@ಗುರುಪುರಹೊಳೆ ಅಣ್ಣಾ, ಇದೇ ಮಾತು ಆ ದಿನ ನನಗೆ ಸಿಗಲಿಲ್ಲ.

ಮಟ್ಟುಗುಳ್ಳ
ಕಿಡ್ನಿಯವರಿಗೆ ಇನ್ನೊಂದು. ದಾರೆಹುಳಿ (ಸ್ಟಾರ್ ಫ್ರೂಟ್) ತಿನ್ನಲೇಬೇಡಿ. ನಮ್ಮ ಕಡೆ ಹಿತ್ತಲಲ್ಲಿ ಬೀಳುತ್ತಿರುತ್ತದೆ, ಉಪ್ಪಿನಕಾಯಿ, ಗೊಜ್ಜು, ಜ್ಯೂಸ್ ಎಲ್ಲ ಮಾಡುತ್ತಾರೆ. ಅದರಲ್ಲಿರುವ ಒಂದು ವಿಷ ಮೂತ್ರಪಿಂಡ ಸರಿಯಿಲ್ಲದವರ ರಕ್ತದಲ್ಲಿ ಉಳಿದು ಮೆದುಳಿಗೆ ಹೋಗುತ್ತದೆ. ನಿಲ್ಲದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ಬರುತ್ತದೆ.

ಗುರುಪುರಹೊಳೆ
ಹೌದು, ನಮ್ಮ ನರ್ಸ್ ಮೊದಲ ದಿನವೇ ಹೇಳಿದ್ದು ಅದನ್ನೇ. ಯಾರಾದರೂ ಹೊಸಬರಿಗೆ ಖರ್ಚಿನ ಚಿಂತೆ ಇದ್ದರೆ: ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಬಂದಿದೆ, ಬಿಪಿಎಲ್ ಕಾರ್ಡಿನವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕಾರ್ಡು ಹಿಡಿದುಕೊಂಡು ಹೋಗಿ ಕೇಳಿ, ನಾಚಿಕೆ ಬೇಡ.

ಎಂಡ್‌ಪಾಯಿಂಟ್‌ಗಾಳಿ
ಮಣಿಪಾಲದಲ್ಲಿ ಮನಶ್ಶಾಸ್ತ್ರ ಓದುತ್ತಿದ್ದೇನೆ. ಈ ಚರ್ಚೆಗೆ ಹೊಂದುವ ಒಂದು ವಿಷಯ. ಆಘಾತದ ನಂತರ ಜನರಲ್ಲಿ ಕಾಣುವ ಬೆಳವಣಿಗೆಯ ಬಗ್ಗೆ ಅಮೆರಿಕದ ಟೆಡೆಸ್ಕಿ ಮತ್ತು ಕ್ಯಾಲ್ಹೂನ್ ಕೆಲಸ ಮಾಡಿದ್ದಾರೆ. 1996ರಲ್ಲಿ 21 ಪ್ರಶ್ನೆಗಳ ಒಂದು ಮಾಪನವನ್ನೂ ಪ್ರಕಟಿಸಿದರು. ಇತರರ ಜೊತೆಗಿನ ಸಂಬಂಧ, ಹೊಸ ದಾರಿ, ತನ್ನ ಶಕ್ತಿಯ ಅರಿವು, ಆಧ್ಯಾತ್ಮಿಕ ಬದಲಾವಣೆ, ಬದುಕಿನ ಬೆಲೆ ತಿಳಿಯುವುದು, ಈ ಐದು ಕಡೆ ಬದಲಾವಣೆ ನೋಡುತ್ತಾರೆ. ಚೆಂಡೆಪೆಟ್ಟು ಹೇಳಿದ್ದು ಹೊಸ ದಾರಿ, ಅಕ್ಕ ಮತ್ತು ಗುರುಪುರದ ಅಣ್ಣ ಹೇಳಿದ್ದು ಸಂಬಂಧ.

ಮುಖ್ಯ ಅಂದರೆ, ಅವರು ಹೇಳುವ ಪ್ರಕಾರ ಬೆಳವಣಿಗೆ ಬರುವುದು ಆಘಾತದಿಂದ ಅಲ್ಲ, ಅದರ ಜೊತೆ ಗುದ್ದಾಡುವುದರಿಂದ. ಬೆಳವಣಿಗೆ ಆಯಿತು ಅಂದ ಕೂಡಲೇ ಸಂಕಟ ಹೋಯಿತು ಅಂತಲೂ ಅಲ್ಲ, ಎರಡೂ ಒಟ್ಟಿಗೇ ಇರಬಹುದು. 'ಅಷ್ಟೇನೂ ನೋವಿರಲಿಕ್ಕಿಲ್ಲ' ಅಂದವರ ಮಾತು ಶಾಸ್ತ್ರದ ಪ್ರಕಾರವೂ ತಪ್ಪು. ಎಲ್ಲರಿಗೂ ಆಗಲೇಬೇಕು ಅಂತ ಎಲ್ಲೂ ಇಲ್ಲ @ಖಾರಗಸಿ, ಆಗದಿದ್ದರೆ ಕೊರತೆಯೂ ಅಲ್ಲ.

ಖಾರಗಸಿ
@ಎಂಡ್‌ಪಾಯಿಂಟ್‌ಗಾಳಿ ಸರಿ. ಆದರೆ ಒಂದು ಕೇಳುತ್ತೇನೆ. ಇಲ್ಲಿ ಒಳ್ಳೆಯದು ಸಿಕ್ಕಿದವರೆಲ್ಲ ಮನೆಯಲ್ಲಿ ಯಾರಾದರೂ ನೋಡಿಕೊಳ್ಳುವವರು ಇದ್ದವರು. ಮಾವ ಇದ್ದಾರೆ, ಭಾಗವತರು ಇದ್ದಾರೆ, ಕಾರು ಇರುವ ಹುಡುಗ ಇದ್ದಾನೆ. ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬನೇ ಇರುವವನು ಗುದ್ದಾಡಿದರೂ ಬೆಳೆಯುತ್ತಾನಾ? ಔಷಧಕ್ಕೇ ದುಡ್ಡು ಸಾಲದಿದ್ದರೆ?

ಚೆಂಡೆಪೆಟ್ಟು
ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ. ನೀವು ಹೇಳುವುದು ಸರಿ. ನನಗೆ ಸಂಘ ಇತ್ತು, ಅದಕ್ಕೇ ದಾರಿ ತೆರೆಯಿತು.

ತೊಟ್ಟಿಲಮನೆ
ಮಗಳಿಗೆ ಟೈಪ್ 1 ಮಧುಮೇಹ, ಉಡುಪಿಯಲ್ಲಿ ಶಾಲೆಗೆ ಹೋಗುತ್ತಾಳೆ. ದಿನಕ್ಕೆ ನಾಲ್ಕು ಚುಚ್ಚು. 'ಸಕ್ಕರೆ ಜಾಸ್ತಿ ತಿನ್ನಿಸಿದಿರಾ' ಅಂತ ಕೇಳುವವರಿಗೆ ಇವತ್ತಿಗೂ ಕೊರತೆ ಇಲ್ಲ. ಇದು ತಿಂದು ಬರುವ ಕಾಯಿಲೆ ಅಲ್ಲವೇ ಅಲ್ಲ.

ಅವಳು ತಟ್ಟೆ ನೋಡಿ ಲೆಕ್ಕ ಹಾಕುತ್ತಾಳೆ. ಎರಡು ನೀರುದೋಸೆಗೆ ಎಷ್ಟು ಇನ್ಸುಲಿನ್, ಒಂದು ಸೌಟು ಕುಚ್ಚಲಕ್ಕಿ ಅನ್ನಕ್ಕೆ ಎಷ್ಟು, ಆಟಕ್ಕೆ ಹೋಗುವುದಿದ್ದರೆ ಎಷ್ಟು ಕಡಿಮೆ. ಗಣಿತದಲ್ಲಿ ಚುರುಕಾದಳು ಅಂತ ಎಲ್ಲರೂ ಹೊಗಳುತ್ತಾರೆ. ನನಗೆ ಆ ಹೊಗಳಿಕೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಮಗು ಹಾಗೆ ಲೆಕ್ಕ ಕಲಿಯಬೇಕಾಗಿರಲಿಲ್ಲ.

ನಾನು ಒಳ್ಳೆಯದು ಅಂತ ಹೇಳುವುದು ಅವಳ ತರಗತಿಯ ಮಕ್ಕಳ ಬಗ್ಗೆ. ಟೀಚರು ಒಮ್ಮೆ ಎಲ್ಲರಿಗೂ ಕೂರಿಸಿ ಹೇಳಿಕೊಟ್ಟರು. ಸಕ್ಕರೆ 70ಕ್ಕಿಂತ ಕೆಳಗೆ ಹೋದರೆ ಹೇಗೆ ಕಾಣುತ್ತಾಳೆ, ಮೂರು ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕೊಡಬೇಕು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು, ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕಬಾರದು. ಕಳೆದ ಕ್ರೀಡಾಕೂಟದಲ್ಲಿ ಅವಳು ಬೆವತು ಮಂಕಾದಾಗ ದೊಡ್ಡವರಿಗಿಂತ ಮೊದಲು ಗಮನಿಸಿದ್ದು ಅವಳ ಗೆಳತಿ. ಆ ಹುಡುಗಿ ಈಗ ನರ್ಸ್ ಆಗುತ್ತೇನೆ ಅನ್ನುತ್ತಾಳೆ.

1922ರ ಮೊದಲು ಈ ಮಕ್ಕಳಿಗೆ ಇನ್ಸುಲಿನ್ ಎಂಬುದೇ ಇರಲಿಲ್ಲ, ಹೆಚ್ಚು ದಿನ ಬದುಕುತ್ತಿರಲಿಲ್ಲ. ಟೊರೊಂಟೊದಲ್ಲಿ ಮೊದಲ ಚುಚ್ಚು ಪಡೆದದ್ದು 14 ವರ್ಷದ ಹುಡುಗ. ಫ್ರಿಡ್ಜ್ ತೆರೆದು ಆ ಬಾಟಲಿ ನೋಡುವಾಗೆಲ್ಲ ನಾನು ಕೈ ಮುಗಿಯುತ್ತೇನೆ. ಕಾಯಿಲೆಗೆ ಅಲ್ಲ, ಅದನ್ನು ಕಂಡುಹಿಡಿದವರಿಗೆ.

ಬನ್ಸ್‌ಭಾಜಿ
@ತೊಟ್ಟಿಲಮನೆ ಕರೆಂಟ್ ಹೋದಾಗ ಇನ್ಸುಲಿನ್ ಹೇಗೆ ಇಡುತ್ತೀರಿ? ಮಳೆಗಾಲದಲ್ಲಿ ನಮ್ಮ ಕಡೆ ಒಂದೆರಡು ದಿನ ಬರುವುದೇ ಇಲ್ಲ.

ತೊಟ್ಟಿಲಮನೆ
ಮಣ್ಣಿನ ಮಡಕೆಗೆ ನೀರು ಹಾಕಿ, ಒಳಗೆ ಸಣ್ಣ ಡಬ್ಬಿ ಇಟ್ಟು, ಡಬ್ಬಿಯಲ್ಲಿ ಬಾಟಲಿ. ನೀರು ತಾಗಬಾರದು. ತೆರೆದ ಬಾಟಲಿ ತಂಪು ಜಾಗದಲ್ಲಿ ನಾಲ್ಕು ವಾರದ ಹತ್ತಿರ ಬರುತ್ತದೆ, ಡಬ್ಬಿಯ ಮೇಲೆ ಬರೆದದ್ದು ನೋಡಿ. ಐಸಿನ ಮೇಲೆ ನೇರ ಇಡಬೇಡಿ, ಹೆಪ್ಪುಗಟ್ಟಿದರೆ ಬಿಸಾಡಬೇಕು.

ಕದ್ರಿಗುಡ್ಡೆ
@ಖಾರಗಸಿ ನಿಮ್ಮ ಪ್ರಶ್ನೆಯನ್ನು ರಾತ್ರಿಯೆಲ್ಲ ಯೋಚನೆ ಮಾಡಿದೆ. ನೀವು ಫೇಲ್ ಆಗಿಲ್ಲ, ಇಲ್ಲಿ ಪರೀಕ್ಷೆಯೇ ಇಲ್ಲ. ನನ್ನ ಸಂತೋಷವನ್ನು ನಾನು ಹೇಳಿಕೊಂಡದ್ದು ನಿಮ್ಮ ಮೇಲೆ ಭಾರವಾಗಬಾರದು. ನನಗೆ ಆ ಗೃಹಪ್ರವೇಶದಲ್ಲಿ ಆದದ್ದೂ ಅದೇ, ನಿಮಗೆ ದಿನಾ ಆಗುವುದೂ ಅದೇ. ನಮ್ಮ ಕಾಯಿಲೆಗೆ ಅರ್ಥ ಹಚ್ಚಲಿಕ್ಕೆ ಬೇರೆಯವರು ಬರುತ್ತಾರೆ. ಒಳ್ಳೆಯದಾಗಿದೆ ಅಂತ ನಾನು ಹೇಳಬಹುದು, ಏನೂ ಆಗಿಲ್ಲ ಅಂತ ನೀವು ಹೇಳಬಹುದು. ಮೂರನೆಯವರು ಹೇಳುವ ಹಾಗಿಲ್ಲ.

ಇನ್ನೊಂದು, ಈಗ ಕೆಲಸ ಹುಡುಕುತ್ತಿದ್ದೀರಾ? ಎಂಥ ಕೆಲಸ ಆಗುತ್ತದೆ ಹೇಳಿ.

ಖಾರಗಸಿ
@ಕದ್ರಿಗುಡ್ಡೆ ಮನೆಯಿಂದ ಬಿಲ್ಲಿಂಗ್ ಕೆಲಸ ಸ್ವಲ್ಪ ಮಾಡುತ್ತೇನೆ. ತಿರುಗುವ ಕೆಲಸವೇ ನನಗೆ ಇಷ್ಟ, ಜನರ ಜೊತೆ ಮಾತಾಡಿದರೇ ನನಗೆ ದಿನ ಹೋಗುವುದು. ಹೊಸ ಔಷಧ ಶುರುವಾದ ಮೇಲೆ ಈಗ ಕೆಲವು ತಿಂಗಳಿನಿಂದ ಕಡಿಮೆ ಇದೆ. ಆದರೂ ಹೈವೇ ಅಂದರೆ ಭಯ. ಶೌಚಾಲಯ ಎಲ್ಲಿದೆ ಅಂತ ಗೊತ್ತಿದ್ದರೆ ಅರ್ಧ ಭಯ ಹೋಗುತ್ತಿತ್ತು.

ಲಾರಿಶೆಟ್ರು
ಇದು ನನಗೆ ಗೊತ್ತಿರುವ ವಿಷಯ. ಬಸ್ಸು ಬಿಡಿ, ಸ್ಕೂಟರ್ ಮಾಡಿ, ನಿಮ್ಮ ಕೈಯಲ್ಲಿ ಬ್ರೇಕ್ ಇರುತ್ತದೆ. ಪೆಟ್ರೋಲ್ ಬಂಕಿನ ಶೌಚಾಲಯ ಸಾರ್ವಜನಿಕರಿಗೆ ಉಚಿತ, ಪೆಟ್ರೋಲ್ ಹಾಕಿಸಲೇಬೇಕು ಅಂತ ಇಲ್ಲ. ಬೀಗ ಹಾಕಿದ್ದರೆ ಕೀ ಕೇಳಿ, ಕೊಡಲೇಬೇಕು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕುಂದಾಪುರದಿಂದ ಕೊಟ್ಟಾರ ಚೌಕಿಯವರೆಗೆ ಯಾವುದು ಸ್ವಚ್ಛ, ಯಾವುದಕ್ಕೆ ರಾತ್ರಿ ಬೀಗ, ಎಲ್ಲ ನನ್ನ ತಲೆಯಲ್ಲಿ ಉಂಟು. ಎರಡು ಬದಿಯದ್ದೂ ಬೇರೆ ಬೇರೆ ಬರೆದುಕೊಡುತ್ತೇನೆ, ಯಾಕೆಂದರೆ ಡಿವೈಡರ್ ದಾಟಲಿಕ್ಕೆ ಆಗುವುದಿಲ್ಲ.

ಮಟ್ಟುಗುಳ್ಳ
ಕಟಪಾಡಿಯಿಂದ ಪಡುಬಿದ್ರಿವರೆಗೆ ಒಳರಸ್ತೆಯದ್ದು ನಾನು ಸೇರಿಸುತ್ತೇನೆ. ಮಸೀದಿ, ಇಗರ್ಜಿ, ದೇವಸ್ಥಾನದ ಹೊರಗಿನ ಶೌಚಾಲಯಗಳೂ ಇವೆ, ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ಎಂಡ್‌ಪಾಯಿಂಟ್‌ಗಾಳಿ
ನೀವು ಬರೆದುಕೊಡಿ, ನಾನು ಮ್ಯಾಪಿನಲ್ಲಿ ಗುರುತು ಹಾಕುತ್ತೇನೆ. ಗರ್ಭಿಣಿಯರಿಗೆ, ಸಕ್ಕರೆ ಕಾಯಿಲೆಯವರಿಗೆ, ಎಲ್ಲರಿಗೂ ಬೇಕಾದದ್ದೇ ಇದು. ಕುಳಿತುಕೊಳ್ಳುವ ಕಮೋಡ್ ಇದೆಯಾ ಅಂತಲೂ ಬರೆಯಿರಿ, ಗಂಟುನೋವಿನವರಿಗೆ ಅದಿಲ್ಲದಿದ್ದರೆ ಉಪಯೋಗ ಇಲ್ಲ.

ಕದ್ರಿಗುಡ್ಡೆ
ಹಿಡಿದುಕೊಳ್ಳಲಿಕ್ಕೆ ಕಂಬಿ ಇದೆಯಾ ಅನ್ನುವುದೂ. ನಂತೂರಿನಿಂದ ಹಂಪನಕಟ್ಟೆಯವರೆಗೆ ನನ್ನ ಪಾಲು.

ಖಾರಗಸಿ
ಸಾಲಿಗ್ರಾಮ, ಕೋಟ ಕಡೆ ನನಗೇ ಗೊತ್ತಿದೆ, ಅಂಗಡಿಯವರು ಪರಿಚಯ. ಒಳಗೆ ಬಿಡುವವರು ಯಾರು ಅಂತ ಫೋನ್ ಮಾಡಿ ಕೇಳಿ ಬರೆಯುತ್ತೇನೆ. ಶೆಟ್ರೇ, ಕುಂದಾಪುರದಿಂದ ಬರುವಾಗ ಎಡಬದಿಯದ್ದು ಮೊದಲು ಕಳಿಸಿ. ಬೈಂದೂರು ಕಡೆಯವರು ಯಾರಾದರೂ ಇದ್ದರೆ ನೀವೂ ಸೇರಿಕೊಳ್ಳಿ.